ವಾಸನೆ ಬಾರದ ಫೋಟೋ

ಭಾನುವಾರ ಮಣಿಪಾಲದಿಂದ ಇಳಿದು, ಕಲ್ಸಂಕದ ಹತ್ತಿರ ಬೈಕ್ ನಿಲ್ಲಿಸಿ ಇಂದ್ರಾಣಿಯ ಫೋಟೋ ತೆಗೀತೇನೆ. ಮೊಬೈಲಲ್ಲಿ ಚಂದವೇ ಕಾಣ್ತದೆ: ಹಸಿರು ನೀರು, ಬಾಗಿದ ತೆಂಗು, ಒಂದು ಕೊಕ್ಕರೆ. ಕೊಳಚೆಯ ವಾಸನೆ ಫ್ರೇಮಿಗೆ ಬರುವುದಿಲ್ಲವಲ್ಲ!

ನಮ್ಮ ಕಾರ್ಕಳದ ಕಡೆ ತೋಡು ಅಂದ್ರೆ ಮಳೆ ನಿಂತ ಮೇಲೆ ಕಟ್ಟ ಹಾಕಿ ಅಡಿಕೆ ತೋಟಕ್ಕೆ ನೀರು ತಿರುಗಿಸುವ ಜಾಗ. ನಾವು ಈಜು ಕಲಿತದ್ದೂ ಅಲ್ಲೇ. ಇಲ್ಲಿ ಟ್ರಾಫಿಕ್‌ನಲ್ಲಿ ನಿಂತವರಿಗೆ ಸಂಕದ ಕೆಳಗೆ ಹೊಳೆಯಿದೆ ಅಂತ ನೆನಪಾಗಬೇಕಾದರೆ 2020ರ ಸೆಪ್ಟೆಂಬರ್‌ನಂಥ ನೆರೆಯೇ ಬರಬೇಕು.

“ಇದರದ್ದೆಂಥ ಫೋಟೋ ಮಾರಾಯ್ರೆ?” ದಂಡೆಯ ಮನೆಯ ಅಮ್ಮ ಮೂಗಿಗೆ ಸೆರಗು ಹಿಡಿದೇ ಕೇಳಿದರು. ಮತ್ತೆ ಅವರೇ ಅಂಗಳಕ್ಕೆ ಕರೆದು ಬಾವಿ ತೋರಿಸಿದರು. “ಇದರದ್ದು ತೆಗೀರಿ.”

ಬಗ್ಗಿ ನೋಡಿದೆ. ನೀರು ಬೇಕಾದಷ್ಟಿತ್ತು. ರಾಟೆಗೆ ಹಗ್ಗವೇ ಇರಲಿಲ್ಲ.