ಮಟ್ಟುವಿನ ಗುಳ್ಳ

ಉಡುಪಿಯಿಂದ ಮಂಗಳೂರಿನ ಕಡೆ ಹೊರಟರೆ ಕಟಪಾಡಿ ಸಿಗುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿ ಕಡಲಿನತ್ತ ಹೋದರೆ ಮಟ್ಟು. ಒಂದು ಪಕ್ಕ ಹೊಳೆ, ಇನ್ನೊಂದು ಪಕ್ಕ ಸಮುದ್ರ, ನಡುವೆ ತೆಂಗು ಮತ್ತು ಗದ್ದೆ. ಮಳೆಗಾಲದ ಭತ್ತ ಕೊಯ್ದ ಮೇಲೆ ಇದೇ ಗದ್ದೆಗಳಲ್ಲಿ ಗುಳ್ಳದ ಗಿಡಗಳು ಏಳುತ್ತವೆ. ಗುಳ್ಳ ಅಂದರೆ ಬದನೆ. ತಿಳಿಹಸಿರು ಬಣ್ಣ, ಮೈಮೇಲೆ ಬಿಳಿ ಗೆರೆ, ಚೆಂಡಿನಂತೆ ಗುಂಡಗೆ, ತೊಟ್ಟಿನಲ್ಲಿ ಮುಳ್ಳು. ಇದರ ಬೋಳುಹುಳಿ ಉಂಡವರು ಬೇರೆ ಬದನೆಯನ್ನು ಬದನೆ ಎನ್ನಲಾರರು.

ಸೋದೆ ಮಠದ ವಾದಿರಾಜ ಸ್ವಾಮಿಗಳು ಕೊಟ್ಟ ಬೀಜ ಇದು ಎಂಬುದು ಊರಿನವರ ನಂಬಿಕೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆ ಸಿಕ್ಕಿತು. ಬೆಳೆಗಾರರು ಒಳ್ಳೆಯ ಕಾಯಿಗಳನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು ಬೀಜ ಮಾಡಿಕೊಳ್ಳುತ್ತಾರೆ.

ನಾನು ಹೋದಾಗ ಬೆಳೆಗಾರರೊಬ್ಬರು ಬಾಡಿದ ಕುಡಿಯನ್ನು ಚಿವುಟಿ, ಸೀಳಿ ತೋರಿಸಿದರು. ಒಳಗೆ ನಸುಗೆಂಪು ಹುಳ! ಇದೇ ಕುಡಿ ಮತ್ತು ಕಾಯಿಕೊರಕ. "ಒಳಗೆ ಹೊಕ್ಕ ಮೇಲೆ ಮದ್ದು ಬಿಟ್ಟರೂ ತಾಗುವುದಿಲ್ಲ ಮಾರಾಯ್ರೆ" ಎಂದರು. ಅದಕ್ಕೇ ದೇಶದ ಎಷ್ಟೋ ಕಡೆ ಬದನೆಗೆ ಮತ್ತೆ ಮತ್ತೆ ಕೀಟನಾಶಕ ಸಿಂಪಡಿಸುತ್ತಾರೆ.

ಈ ಹುಳಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯವೇ ಬಿಟಿ ಬದನೆ. ಮಣ್ಣಿನಲ್ಲಿ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಇದೆ. ಅದು ತಯಾರಿಸುವ ಒಂದು ಪ್ರೋಟೀನ್ ಹುಳದ ಕರುಳಿಗೆ ಅಂಟಿ ತೂತು ಮಾಡುತ್ತದೆ. ಆ ಪ್ರೋಟೀನಿನ ವಂಶವಾಹಿಯನ್ನು ಬದನೆಗೆ ಸೇರಿಸಿದರೆ ಗಿಡವೇ ಅದನ್ನು ತಯಾರಿಸುತ್ತದೆ. ಕಚ್ಚಿದ ಹುಳ ಸಾಯುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಈ ಕೆಲಸಕ್ಕೆ ಆರಿಸಿಕೊಂಡ ನಮ್ಮ ನಾಟಿ ತಳಿಗಳಲ್ಲಿ ಮಲಾಪುರ, ಕುಡಚಿ ಬದನೆಗಳ ಜೊತೆ ಉಡುಪಿ ಗುಳ್ಳವೂ ಇತ್ತು.

ಕರಾವಳಿಯಲ್ಲಿ ವಿರೋಧ ಎದ್ದಿತು. 2009ರ ಅಕ್ಟೋಬರಿನಲ್ಲಿ ತಜ್ಞರ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತ್ತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿ ಏಳು ಊರುಗಳಲ್ಲಿ ಜನರ ಮಾತು ಕೇಳಿ, 2010ರ ಫೆಬ್ರವರಿಯಲ್ಲಿ ಅದನ್ನು ತಡೆಹಿಡಿದರು. ನೆರೆಯ ಬಾಂಗ್ಲಾದೇಶದಲ್ಲಿ 2014ರಿಂದ ರೈತರು ಅದನ್ನು ಬೆಳೆಯುತ್ತಿದ್ದಾರೆ.

ಯಾರು ಸರಿ? ಮಟ್ಟುವಿನ ಗದ್ದೆಯಲ್ಲಿ ನಿಂತರೆ ಎರಡೂ ಕಣ್ಣಿಗೆ ಕಾಣುತ್ತದೆ. ಹುಳದ ಕಾಟ ಸುಳ್ಳಲ್ಲ. ಮದ್ದು ಬಿಡುವವರ ಮೈಗೆ ಬೀಳುವ ವಿಷವೂ ಸುಳ್ಳಲ್ಲ. ಆದರೆ ಹೂವಿಂದ ಹೂವಿಗೆ ಹಾರುವ ದುಂಬಿಗೆ ಬೇಲಿಯ ಲೆಕ್ಕವಿಲ್ಲ. ಹೊಸ ವಂಶವಾಹಿ ಒಮ್ಮೆ ಊರಿನ ಬೀಜಕ್ಕೆ ಬೆರೆತರೆ ಅದನ್ನು ಅಕ್ಕಿಯಿಂದ ಕಲ್ಲು ಆರಿಸಿದಂತೆ ಆರಿಸಿ ತೆಗೆಯಲು ಬರುವುದಿಲ್ಲ.

ವಿಜ್ಞಾನ ಬೇಡವೆಂದು ನಾನು ಹೇಳುವುದಿಲ್ಲ. ಬಾಡಿದ ಕುಡಿ ಕಿತ್ತು ನಾಶ ಮಾಡುವುದು, ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟುವುದು, ಇವೂ ವಿಜ್ಞಾನವೇ. ನಾಳೆ ಪ್ರಯೋಗಾಲಯದಿಂದ ಇನ್ನೂ ಒಳ್ಳೆಯ ಉಪಾಯ ಬರಬಹುದು, ಬರಲಿ. ಆದರೆ ಅದು ಗದ್ದೆಗೆ ಇಳಿಯುವ ಮುಂಚೆ, ಇಷ್ಟು ತಲೆಮಾರು ಬೀಜ ಕಾಯ್ದವರ ಮನೆ ಜಗಲಿಯಲ್ಲಿ ಕೂತು ಅವರನ್ನು ಒಂದು ಮಾತು ಕೇಳಲಿ.