ದಾಖಲೆ ಬರೆಯುವ ಕೈಗಳು

ಪೂಜ್ಯ ಶ್ರೀಗಳವರ ಅಪ್ಪಣೆಯ ಮೇರೆಗೆ ಸಂಪಾದಕ ಮಂಡಲಿಯವರು ಈ ವರ್ಷದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಕೇಳಿದಾಗ, ಹಳಗನ್ನಡ ಕಾವ್ಯವೊಂದರ ರಸವಿಚಾರವನ್ನೋ ಛಂದಸ್ಸಿನ ಸೂಕ್ಷ್ಮವೊಂದನ್ನೋ ಕುರಿತು ನಾನು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಹಿಂದಿನ ಸಂಚಿಕೆಗಳಲ್ಲಿ ನಾನು ಮಾಡಿದ್ದೂ ಅದನ್ನೇ. ಆದರೆ ಈ ಬಾರಿ ನನ್ನ ಮನಸ್ಸು ಒಂದು ಕಚೇರಿಯ ಸುತ್ತ ಸುಳಿದಾಡುತ್ತಿದೆ. ಅದು ನಮ್ಮ ಪ್ರಾಂತದ ವಿಶ್ವವಿದ್ಯಾನಿಲಯವೊಂದರ ಪ್ರವೇಶ ಮತ್ತು ದಾಖಲಾತಿ ವಿಭಾಗ. ಅಲ್ಲಿಯ ಸಿಬ್ಬಂದಿಯವರ ಸಮಾಚಾರವನ್ನು ನಿವೇದಿಸುವುದರ ಜೊತೆಗೆ, ನನ್ನ ಲೇಖನಿಯಿಂದ ಘಟಿಸಿದ ಪ್ರಮಾದವೊಂದನ್ನೂ ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ವಿಶ್ವವಿದ್ಯಾನಿಲಯವೆಂದೊಡನೆ ಕುಲಪತಿಗಳೂ ಪ್ರಾಧ್ಯಾಪಕರೂ ಘಟಿಕೋತ್ಸವದ ನಿಲುವಂಗಿಗಳೂ ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಮಹಾರಾಜಾ ಕಾಲೇಜು ಮತ್ತು ಸೆಂಟ್ರಲ್ ಕಾಲೇಜುಗಳೊಡನೆ ಆರಂಭವಾದುದನ್ನೂ, 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯವು ಮರುವರ್ಷ ಧಾರವಾಡಕ್ಕೆ ಬಂದು ನೆಲೆಸಿದುದನ್ನೂ ನಾವು ಮಕ್ಕಳಿಗೆ ಅಭಿಮಾನದಿಂದ ಹೇಳುತ್ತೇವೆ. ಆ ವಿದ್ಯಾಲಯಗಳಲ್ಲಿ ಮೊದಲ ವಿದ್ಯಾರ್ಥಿಯ ಹೆಸರನ್ನು ಪುಸ್ತಕಕ್ಕೆ ಏರಿಸಿದ ಗುಮಾಸ್ತರು ಯಾರೆಂದು ಕೇಳುವವರಿಲ್ಲ. ಈ ವಿಷಯದಲ್ಲಿ ನಮ್ಮ ಪೂರ್ವಿಕರೇ ಹೆಚ್ಚು ನ್ಯಾಯಪರರೆಂದು ತೋರುತ್ತದೆ. ಶಿಲಾಶಾಸನಗಳಲ್ಲಿ ಅರಸನ ಹೆಸರೂ ದಾನಿಯ ಹೆಸರೂ ಬಂದ ಮೇಲೆ, ಅನೇಕ ವೇಳೆ ಕೊನೆಯ ಸಾಲಿನಲ್ಲಿ ಅದನ್ನು ಬರೆದ ಸೇನಬೋವನ ಹೆಸರೂ ಕಲ್ಲಿಗೆ ಕಂಡರಿಸಿದ ರೂವಾರಿಯ ಹೆಸರೂ ಇರುತ್ತವೆ. ಬರೆದವನು ಯಾರೆಂದು ತಿಳಿದಿದ್ದರೆ ತಪ್ಪಿಗೂ ಒಪ್ಪಿಗೂ ಒಬ್ಬ ಹೊಣೆಗಾರನಿರುತ್ತಾನೆ.

ಇನ್ನು ನನ್ನ ಪ್ರಮಾದದ ವಿಷಯ. 2008ರ ಜೂನ್ ತಿಂಗಳಲ್ಲಿ ನಮ್ಮ ಪ್ರಾಥಮಿಕ ವಿಭಾಗದ ಗುಮಾಸ್ತರು ಕಾಯಿಲೆ ಬಿದ್ದರು. ಅಕ್ಷರ ದುಂಡಗಿದೆಯೆಂಬ ಒಂದೇ ಅರ್ಹತೆಯ ಮೇಲೆ, ಪ್ರೌಢಶಾಲೆಯ ಕನ್ನಡ ಪಂಡಿತನಾದ ನನ್ನನ್ನು ಪ್ರವೇಶದ ಪುಸ್ತಕದ ಮುಂದೆ ಕೂರಿಸಿದರು. ಸಂಸ್ಕೃತ ಪಾಠಶಾಲೆಯಲ್ಲಿ ಪ್ರಥಮ, ಕಾವ್ಯ, ಸಾಹಿತ್ಯಗಳನ್ನು ದಾಟಿ ವಿದ್ವತ್ತಿನವರೆಗೆ ಓದಿ, ಕನ್ನಡ ಸಾಹಿತ್ಯ ಪರಿಷತ್ತಿನ ರತ್ನ ಪರೀಕ್ಷೆಯನ್ನೂ ಮುಗಿಸಿದ್ದ ನನಗೆ ಆ ಕೆಲಸ ಅತ್ಯಲ್ಪವೆನಿಸಿತ್ತು. ರೈತರೊಬ್ಬರು ತಮ್ಮ ಮಗಳನ್ನು ಒಂದನೆಯ ತರಗತಿಗೆ ಸೇರಿಸಲು ಬಂದರು. ಆ ಮಗಳ ನಿಜನಾಮಧೇಯವನ್ನು ಇಲ್ಲಿ ಪ್ರಕಟಿಸುವುದು ಉಚಿತವಲ್ಲ. ನಿದರ್ಶನಕ್ಕಾಗಿ ಈರಮ್ಮ ಎಂದಿಟ್ಟುಕೊಳ್ಳೋಣ. ತಂದೆ ಹೇಳಿದುದು ಈರಮ್ಮ ಎಂದೇ. ಅರ್ಜಿಯಲ್ಲಿ ಅಂಗನವಾಡಿಯ ಕಾರ್ಯಕರ್ತೆ ಬರೆದುಕೊಟ್ಟಿದ್ದುದೂ ಹಾಗೆಯೇ. ಅಶುದ್ಧರೂಪವು ಮಠದ ಶಾಲೆಯ ಪುಸ್ತಕದಲ್ಲಿ ಇರಕೂಡದೆಂದು ಭಾವಿಸಿ, ನಾನು ಯಾರನ್ನೂ ಕೇಳದೆ ದುಂಡಾದ ಅಕ್ಷರಗಳಲ್ಲಿ ವೀರಮ್ಮ ಎಂದು ಬರೆದೆ. ಬರೆದು, ಒಂದು ಹೆಸರನ್ನು ಸಂಸ್ಕರಿಸಿದೆನೆಂಬ ಸಮಾಧಾನವನ್ನೂ ಪಟ್ಟೆ.

ತದ್ಭವವು ಅಶುದ್ಧವಲ್ಲವೆಂಬುದು ನನಗೆ ತಿಳಿಯದ ಸಂಗತಿಯೇನಲ್ಲ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ವೃಷಭ ಶಬ್ದವೇ ಕನ್ನಡದ ನಾಲಗೆಯಲ್ಲಿ ಬಸವವಾಯಿತು. ಅದನ್ನು ತಿದ್ದಲು ಹೊರಟವನನ್ನು ನಾಡು ಏನೆನ್ನುತ್ತಿತ್ತೆಂದು ಹೇಳಬೇಕಾಗಿಲ್ಲ. ತರಗತಿಯಲ್ಲಿ ಇದನ್ನು ವರ್ಷ ವರ್ಷವೂ ಬೋಧಿಸುತ್ತಿದ್ದ ನಾನು, ಒಂದು ಬಡ ಮಗುವಿನ ಹೆಸರಿನ ವಿಷಯದಲ್ಲಿ ಮರೆತೆ.

ಆ ಹೆಸರು ಪುಸ್ತಕದಿಂದ ವರ್ಗಾವಣೆ ಪತ್ರಕ್ಕೆ, ಅಲ್ಲಿಂದ 2018ರ ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ, ಮುಂದೆ ಪದವಿಯ ಅಂಕಪಟ್ಟಿಗೆ ನಡೆದುಹೋಯಿತು. ಜನನ ಪ್ರಮಾಣಪತ್ರ, ಪಡಿತರ ಚೀಟಿ, ಆಧಾರ್, ಬ್ಯಾಂಕಿನ ಪುಸ್ತಕ ಇವುಗಳಲ್ಲಿ ಮಾತ್ರ ಅವಳು ಈರಮ್ಮನಾಗಿಯೇ ಉಳಿದಳು. 2023ರಲ್ಲಿ ಸ್ನಾತಕೋತ್ತರ ಪ್ರವೇಶಕ್ಕೆ ಅರ್ಜಿ ಹಾಕಿ, ಮೂಲ ದಾಖಲೆಗಳ ಪರಿಶೀಲನೆಗೆ ವಿಶ್ವವಿದ್ಯಾನಿಲಯಕ್ಕೆ ಹೋದಾಗ ಈ ಇಬ್ಬರು ಎದುರುಬದುರಾದರು. ಅವಳ ತಂದೆ ಒಂದು ಸಂಜೆ ನಮ್ಮ ಮನೆಗೆ ಬಂದು, "ಮೇಷ್ಟ್ರೆ, ಹೆಸರು ಬೇರೆ ಬೇರೆ ಐತಂತೆ, ಸೀಟು ಕೊಡಾಕಾಗಲ್ಲ ಅಂತಾರೆ. ನೀವೊಂದು ಮಾತು ಬಂದು ಹೇಳಿ" ಎಂದರು. ತಪ್ಪು ಯಾರದೆಂದು ಅವರಿಗೆ ತಿಳಿದಿರಲಿಲ್ಲ. ಮರುದಿನ ಶಾಲೆಯಲ್ಲಿ ಪುಸ್ತಕವನ್ನು ತೆರೆದಾಗ ನನ್ನದೇ ಅಕ್ಷರ ನನ್ನನ್ನು ನೋಡಿತು.

ಅದರ ಮರುದಿನ ನಸುಕಿನ ಬಸ್ಸಿಗೆ ನಾವು ಮೂವರೂ ಹೊರಟೆವು. ದಾಖಲಾತಿ ವಿಭಾಗದ ಕಿಟಕಿಯ ಮುಂದೆ ಸಾಲು ಜಗಲಿಯಿಂದ ಕೆಳಗಿಳಿದಿತ್ತು. ಒಳಗೆ ಇದ್ದವರು ನಾಲ್ವರು: ಒಬ್ಬ ಅಧೀಕ್ಷಕರು, ಒಬ್ಬ ಪ್ರಥಮ ದರ್ಜೆ ಸಹಾಯಕರು, ಕಂಪ್ಯೂಟರಿನ ಮುಂದೆ ಹೊರಗುತ್ತಿಗೆಯ ಮೇಲೆ ಬಂದಿದ್ದ ಒಬ್ಬ ತರುಣಿ, ಕಡತಗಳನ್ನು ಎತ್ತಿಕೊಡುವ ಒಬ್ಬ ವೃದ್ಧಪ್ರಾಯರಾದ ಜವಾನರು. ಅಷ್ಟೂ ಜನರ ಪ್ರವೇಶವನ್ನು ಈ ನಾಲ್ವರು ಸಾಗಿಸುತ್ತಿದ್ದರು. ಹೊರ ವಿಶ್ವವಿದ್ಯಾನಿಲಯದಿಂದ ಬಂದವರ ಅರ್ಹತಾ ಪತ್ರ, ವಲಸೆ ಪ್ರಮಾಣಪತ್ರ, ಮೀಸಲಾತಿಯ ದಾಖಲೆ, ಶುಲ್ಕದ ರಸೀದಿ, ಇವೆಲ್ಲವನ್ನೂ ಮೂಲದೊಡನೆ ತಾಳೆ ನೋಡಿದ ಮೇಲಷ್ಟೇ ಒಬ್ಬ ವಿದ್ಯಾರ್ಥಿಗೆ ನೋಂದಣಿ ಸಂಖ್ಯೆ ದೊರೆಯುತ್ತದೆ. 2021ರಿಂದ ರಾಜ್ಯದ ವಿಶ್ವವಿದ್ಯಾನಿಲಯಗಳಿಗೆಲ್ಲ ಏಕೀಕೃತವಾದ ಕಂಪ್ಯೂಟರ್ ವ್ಯವಸ್ಥೆಯೊಂದು ಬಂದಿದೆ. ಅರ್ಜಿ ಹಾಕುವುದು ಅದರಿಂದ ಸುಲಭವಾಗಿದೆ. ಆದರೆ ಎರಡು ಹೆಸರುಗಳ ಹಿಂದೆ ಇರುವ ಹುಡುಗಿ ಒಬ್ಬಳೇ ಎಂಬುದನ್ನು ಕಂಡುಕೊಳ್ಳಲು ಇನ್ನೂ ಮನುಷ್ಯನೇ ಬೇಕು.

ಅಧೀಕ್ಷಕರು ನಮ್ಮ ಕಾಗದಗಳನ್ನು ಎರಡು ಬಾರಿ ತಿರುವಿ ನೋಡಿ, ಹುಡುಗಿಯನ್ನು ಒಂದೇ ಒಂದು ಪ್ರಶ್ನೆ ಕೇಳಿದರು: "ನಿನಗೆ ವಿದ್ಯಾರ್ಥಿವೇತನ ಬರ್ತಾ ಇತ್ತೇನಮ್ಮ?" ಪದವಿಯ ಮೂರು ವರ್ಷವೂ ಬಂದಿರಲಿಲ್ಲ. ತಮ್ಮ ಅದೃಷ್ಟವೆಂದು ಅವರು ಸುಮ್ಮನಿದ್ದರು. ಅಂಕಪಟ್ಟಿಯ ಹೆಸರೂ ಆಧಾರಿನ ಹೆಸರೂ ಕೂಡದಿದ್ದರೆ ಹಣ ಅಲ್ಲಿಯೇ ನಿಲ್ಲುತ್ತದೆಂದು ಅವರು ವಿವರಿಸಿದಾಗ ನನ್ನ ಕೈಕಾಲು ತಣ್ಣಗಾದವು. "ಈ ಹೆಸರನ್ನು ಬರೆದವನು ನಾನೇ" ಎಂದು ಎಲ್ಲರೆದುರಿಗೆ ಹೇಳಿದೆ. ತಂದೆ ನನ್ನ ಮುಖವನ್ನು ನೋಡಿದರು, ಮಾತಾಡಲಿಲ್ಲ.

ಅಧೀಕ್ಷಕರು ಎರಡು ದಾರಿಗಳನ್ನು ತೋರಿಸಿದರು. ಆಧಾರಿನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಬಾರಿ ಬದಲಿಸಲು ಅವಕಾಶವಿದೆ. ಅದನ್ನು ವೀರಮ್ಮ ಎಂದು ಮಾಡಿಸಿಕೊಂಡರೆ ಕೆಲಸ ಬೇಗ ಆಗುತ್ತದೆ. ಎರಡನೆಯದು ಶಾಲೆಯ ಪುಸ್ತಕದಿಂದ ಮೊದಲ್ಗೊಂಡು ಇಲಾಖೆಯ ಅನುಮತಿ, ಪರೀಕ್ಷಾ ಮಂಡಲಿ, ವಿಶ್ವವಿದ್ಯಾನಿಲಯವೆಂದು ಮೆಟ್ಟಿಲು ಮೆಟ್ಟಿಲಾಗಿ ತಿದ್ದಿಸಿಕೊಂಡು ಬರುವ ದೀರ್ಘಮಾರ್ಗ. ನಾನೂ ತಂದೆಯೂ ಮೊದಲನೆಯದಕ್ಕೇ ತಲೆಯಾಡಿಸಿದೆವು. ಅಷ್ಟು ಹೊತ್ತೂ ಸುಮ್ಮನಿದ್ದ ಹುಡುಗಿ ಆಗ ಬಾಯಿ ಬಿಟ್ಟಳು: "ಈರಮ್ಮ ನಮ್ಮ ಅಜ್ಜಿ ಹೆಸರು, ಸರ್. ಅವರೇ ನನ್ನ ಸಾಕಿದ್ದು. ತಡ ಆದ್ರೂ ಪರವಾಗಿಲ್ಲ, ಅದೇ ಇರಲಿ."

ವ್ಯಾಕರಣದಲ್ಲಿ ನಾಮಪದದ ಲಕ್ಷಣವನ್ನು ಮೂವತ್ತು ವರ್ಷ ಬೋಧಿಸಿದವನು ನಾನು. ನಾಮವು ಅದನ್ನು ಹೊತ್ತವರ ಸೊತ್ತೆಂಬುದನ್ನು ಆ ದಿನ ಕಲಿತೆ.

ಅಧೀಕ್ಷಕರು ನೋಟರಿಯವರಿಂದ ಪ್ರಮಾಣಪತ್ರವನ್ನು ಮಾಡಿಸಿ ತರುವಂತೆ ಹೇಳಿ, ಮೇಲಧಿಕಾರಿಗಳ ಬಳಿಗೆ ತಾವೇ ಕಡತವನ್ನು ಹಿಡಿದು ಹೋಗಿ, ತಿದ್ದುಪಡಿಗೆ ಕಾಲಾವಕಾಶ ಕೊಡಿಸಿ ತಾತ್ಕಾಲಿಕ ಪ್ರವೇಶಕ್ಕೆ ಒಪ್ಪಿಗೆ ತಂದರು. ಊಟದ ಹೊತ್ತು ಮೀರಿತ್ತು. ಅವರ ಬುತ್ತಿ ಮೇಜಿನ ಮೇಲೆ ಬಿಚ್ಚದೆಯೇ ಇತ್ತು. ನಮಗೆ ಬೇಕಾದ ಮುಖ್ಯ ಆಧಾರವೆಂದರೆ 2008ರ ಮೂಲ ಅರ್ಜಿ. ನಮ್ಮ ಶಾಲೆಯ ಹಳೆಯ ಗುಮಾಸ್ತರು ಪ್ರತಿ ವರ್ಷದ ಅರ್ಜಿಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿಡುತ್ತಿದ್ದರು. ಮರದ ಬೀರುವನ್ನು ತೆರೆದರೆ ಕೆಳಗಿನ ಎರಡು ಗಂಟುಗಳನ್ನು ಗೆದ್ದಲು ಮುಗಿಸಿತ್ತು. 2008ರ ಗಂಟು ಮೇಲಿನ ಅರೆಯಲ್ಲಿದ್ದುದರಿಂದ ಉಳಿದಿತ್ತು. ಈರಮ್ಮ ಎಂಬ ಬರೆಹವೂ ತಂದೆಯ ಹೆಬ್ಬೆಟ್ಟಿನ ಗುರುತೂ ಅದರಲ್ಲಿ ಸ್ಪಷ್ಟವಾಗಿದ್ದವು. ತಿದ್ದುಪಡಿಯ ಪತ್ರ ಕೈಸೇರಲು ಹನ್ನೊಂದು ತಿಂಗಳು ಹಿಡಿಯಿತು. ಆ ಮೂರು ವರ್ಷಗಳ ವಿದ್ಯಾರ್ಥಿವೇತನ ಮಾತ್ರ ಮರಳಲಿಲ್ಲ. ಕಾಲೇಜಿನ ಶುಲ್ಕಕ್ಕಾಗಿ ಅವಳ ತಂದೆ ಇದ್ದ ಎರಡು ಹಸುಗಳಲ್ಲಿ ಒಂದನ್ನು ಮಾರಿದ್ದರೆಂದು ಆಮೇಲೆ ತಿಳಿಯಿತು.

ಈಗ ಆ ಕಚೇರಿಯ ಸಮಾಚಾರ. 2024ರ ಮೇ 31ರಂದು ಅಧೀಕ್ಷಕರು ನಿವೃತ್ತರಾದರು. ಕರೆ ಬಂದುದರಿಂದ ನಾನೂ ಬೀಳ್ಕೊಡುಗೆಗೆ ಹೋಗಿದ್ದೆ. ಅದೇ ದಿನ ಅದೇ ವಿಭಾಗದ ಪ್ರಥಮ ದರ್ಜೆ ಸಹಾಯಕರಿಗೂ ಜವಾನರಿಗೂ ಹಾರ ಬಿತ್ತು. ಮೂವರೂ ಒಂದೇ ದಿನ ಹುಟ್ಟಿದವರೇ ಎಂದು ಯಾರೋ ನಗುತ್ತ ಕೇಳಿದರು. ಹೌದು, ಮೂವರ ಜನ್ಮದಿನವೂ ದಾಖಲೆಯಲ್ಲಿ 1964ರ ಜೂನ್ 1.

ನನ್ನ ತಲೆಮಾರಿನವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಹಳ್ಳಿಗಳಲ್ಲಿ ಜನನದ ದಾಖಲೆ ಇಲ್ಲದಿದ್ದ ಕಾಲದಲ್ಲಿ, ಶಾಲೆ ತೆರೆಯುವ ಜೂನ್ ಮೊದಲ ದಿನಕ್ಕೆ ವಯಸ್ಸು ತುಂಬುವಂತೆ ಲೆಕ್ಕ ಹಾಕಿ ಉಪಾಧ್ಯಾಯರು ಜೂನ್ 1 ಎಂದು ಬರೆಯುತ್ತಿದ್ದರು. ನಾನು ಹುಟ್ಟಿದ್ದು ಸೀಗೆಹುಣ್ಣಿಮೆಯ ಮರುದಿನವೆಂದು ನಮ್ಮ ತಾಯಿ ಹೇಳುತ್ತಿದ್ದರು. ದಾಖಲೆಯಲ್ಲಿ ನಾನೂ ಜೂನ್ 1ರವನೇ. ಸೇವಾನಿಯಮದಂತೆ ಅರವತ್ತು ತುಂಬುವ ತಿಂಗಳ ಕೊನೆಯ ದಿನ ನಿವೃತ್ತಿ. ತಿಂಗಳ ಮೊದಲ ದಿನ ಹುಟ್ಟಿದವರಿಗೆ ಮಾತ್ರ ಅದು ಹಿಂದಿನ ತಿಂಗಳ ಕೊನೆಯ ದಿನ. ಹೀಗಾಗಿ ಪ್ರತಿ ವರ್ಷ ಮೇ 31ರಂದು, ಪ್ರವೇಶದ ಕಾಲ ಮೊದಲಾಗುವ ಹೊತ್ತಿಗೆ ಸರಿಯಾಗಿ, ನಾಡಿನ ಶಾಲೆ ಕಚೇರಿಗಳಿಂದ ಅನುಭವಿಗಳು ಒಮ್ಮೆಲೇ ಎದ್ದು ಹೋಗುತ್ತಾರೆ. ಅರ್ಧ ಶತಮಾನದ ಹಿಂದೆ ಉಪಾಧ್ಯಾಯರೊಬ್ಬರು ಒಂದು ನಿಮಿಷದಲ್ಲಿ ಬರೆದ ಅಂಕಿ ಇಂದು ಕಿಟಕಿಯ ಹಿಂದಿನ ಕುರ್ಚಿಯನ್ನು ಬರಿದು ಮಾಡುತ್ತದೆ.

ಅಧೀಕ್ಷಕರ ಜಾಗಕ್ಕೆ ಹೊಸಬರು ಬರಲಿಲ್ಲ. ಬೇರೊಂದು ವಿಭಾಗದ ದ್ವಿತೀಯ ದರ್ಜೆ ಸಹಾಯಕರಿಗೆ ಹೆಚ್ಚುವರಿ ಪ್ರಭಾರವನ್ನು ವಹಿಸಲಾಯಿತು. ಕಂಪ್ಯೂಟರಿನ ತರುಣಿಗೆ ಕೆಲಸವೆಲ್ಲ ಬರುತ್ತದೆ. ಸಹಿ ಮಾಡುವ ಅಧಿಕಾರವಿಲ್ಲ, ಮುಂದಿನ ವರ್ಷದ ಭರವಸೆಯೂ ಇಲ್ಲ. ಇದನ್ನು ಬಲ್ಲ ಅಧೀಕ್ಷಕರು ಕೊನೆಯ ಎರಡು ತಿಂಗಳು ಸಂಜೆ ಕುಳಿತು ಒಂದು ನೋಟುಪುಸ್ತಕವನ್ನು ಸಿದ್ಧಪಡಿಸಿದ್ದರು. ಹೆಸರಿನಲ್ಲಿ ಯಾವ ಬಗೆಯ ವ್ಯತ್ಯಾಸಗಳು ಬರುತ್ತವೆ, ಯಾವುದಕ್ಕೆ ಯಾವ ಕಾಗದ ಸಾಕು, ಯಾವುದನ್ನು ಮೇಲಕ್ಕೆ ಕಳುಹಿಸಬೇಕು, ಯಾರನ್ನು ಬರಿಗೈಯಲ್ಲಿ ಹಿಂದೆ ಕಳುಹಿಸಕೂಡದು ಎಂಬುದೆಲ್ಲ ಅದರಲ್ಲಿತ್ತು. ಹಾರವನ್ನು ತೆಗೆದಿಟ್ಟ ಕೂಡಲೆ ಅದನ್ನು ಆ ತರುಣಿಯ ಕೈಗೆ ಕೊಟ್ಟು, "ಇದನ್ನ ಬೀರುವಿನಲ್ಲಿ ಇಡಬೇಡಮ್ಮ, ಮೇಜಿನ ಮೇಲೇ ಇಟ್ಕೋ" ಎಂದರು. ಕಳೆದ ವರ್ಷ ಬೇರೊಬ್ಬ ವಿದ್ಯಾರ್ಥಿಯ ಕೆಲಸಕ್ಕಾಗಿ ಹೋದಾಗ ನೋಡಿದೆ. ಪುಸ್ತಕ ಮೇಜಿನ ಮೇಲೆಯೇ ಇತ್ತು. ಬೇರೆ ಬಣ್ಣದ ಶಾಯಿಯಲ್ಲಿ ಹೊಸ ಪುಟಗಳೂ ಸೇರಿದ್ದವು.

ಕಾಲ ಸುಧಾರಿಸಿದೆಯೆಂಬುದನ್ನು ಅಲ್ಲಗಳೆಯಲಾಗದು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕಾನೂನಿನ ತಿದ್ದುಪಡಿಯಂತೆ, ಆ ಮೇಲೆ ಹುಟ್ಟಿದ ಮಕ್ಕಳ ಶಾಲಾಪ್ರವೇಶಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಜೂನ್ 1ರ ಸಂತತಿ ನಮ್ಮೊಡನೆ ಮುಗಿಯಲಿದೆ. ಆದರೆ ಹೆಸರನ್ನು ಬರೆಯುವ ಕೈ ಇರುವವರೆಗೆ, ಆ ಕೈಯ ಎಚ್ಚರವೂ ಬೇಕಾಗುತ್ತದೆ.

ಆದುದರಿಂದ ಈ ಸಂಚಿಕೆಯ ಮೂಲಕ ಮೂರು ವಿಜ್ಞಾಪನೆಗಳು. ಉಪಾಧ್ಯಾಯ ಬಂಧುಗಳು ಮಗುವಿನ ಹೆಸರನ್ನು ತಂದೆತಾಯಿಗಳು ಹೇಳಿದಂತೆಯೇ ಬರೆದು, ಗಟ್ಟಿಯಾಗಿ ಓದಿ ಕೇಳಿಸಿ, ಆಮೇಲೆ ಸಹಿ ಪಡೆಯಲಿ. ಪಾಂಡಿತ್ಯವನ್ನು ತರಗತಿಗೆ ಉಳಿಸಿಕೊಳ್ಳಲಿ. ಕಚೇರಿಗಳಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದ ನಮ್ಮ ಹಳೆಯ ವಿದ್ಯಾರ್ಥಿಗಳು ಪ್ರವೇಶದ ತಿಂಗಳುಗಳಲ್ಲಿ ವಾರಕ್ಕೊಂದು ದಿನ ಶಾಲೆಗೆ ಬಂದು, ಮಕ್ಕಳ ಕಾಗದಗಳನ್ನು ತಾಳೆ ನೋಡಿಕೊಡಲಿ. ದಾನಿಗಳು ಹೊಸ ಕಟ್ಟಡಕ್ಕೆ ಕೊಡುವಂತೆಯೇ ನಾಲ್ಕು ಕಬ್ಬಿಣದ ಬೀರುಗಳಿಗೂ, ಹಳೆಯ ಪ್ರವೇಶ ಪುಸ್ತಕಗಳನ್ನು ಮರುಕಟ್ಟಿಸಿ ಕಂಪ್ಯೂಟರಿಗೆ ಏರಿಸುವ ಕೆಲಸಕ್ಕೂ ಕೈ ನೀಡಲಿ. ಅವುಗಳ ಮೇಲೆ ಹೆಸರು ಕೆತ್ತಿಸುವ ಸ್ಥಳ ಕಡಿಮೆ. ಒಳಗೆ ಉಳಿಯುವ ಹೆಸರುಗಳು ಸಾವಿರಾರು.

ಈರಮ್ಮ ಈ ವರ್ಷ ಎಂ.ಎ. ಮುಗಿಸಿದಳು. ಅಂಕಪಟ್ಟಿಯನ್ನು ತಂದು ತೋರಿಸಿ ನಮಸ್ಕರಿಸಿದಳು. ನಾನು ಅಂಕಗಳಿಗಿಂತ ಮೊದಲು ಹೆಸರನ್ನು ಓದಿದೆ. 2028ರ ಮೇ 31ರಂದು ನನಗೂ ಹಾರ ಬೀಳುತ್ತದೆ. ಅದಕ್ಕೆ ಮೊದಲು ನನ್ನ ಕೈಬರೆಹವಿರುವ ಪುಟಗಳನ್ನೆಲ್ಲ ಅರ್ಜಿಗಳೊಡನೆ ಒಂದೊಂದಾಗಿ ತಾಳೆ ನೋಡಬೇಕೆಂದು ಸಂಕಲ್ಪಿಸಿದ್ದೇನೆ. ಈವರೆಗೆ ಇನ್ನೂ ಎರಡು ಹೆಸರುಗಳು ಸಿಕ್ಕಿವೆ. ಆ ಇಬ್ಬರ ವಿಳಾಸವನ್ನು ಹುಡುಕುತ್ತಿದ್ದೇನೆ.