ಬಿಡಬೇಕಾಗಿದ್ದ ಪಟ್ಟು

ಅರವತ್ತು ತುಂಬಿದವನು ಕಗ್ಗದಾಸಪುರದಿಂದ ಮೈಸೂರಿಗೆ ಮೋಟಾರು ಸೈಕಲ್ಲಿನಲ್ಲಿ ಹೋಗುತ್ತೇನೆಂದರೆ ಮನೆಯವರು ಸುಮ್ಮನಿದ್ದಾರೆಯೇ? “ಬಸ್ಸಿಲ್ಲವೇ, ರೈಲಿಲ್ಲವೇ? ಈ ವಯಸ್ಸಿನಲ್ಲಿ ಇದೇನ್ರೀ ಹುಡುಗಾಟ!” ಎಂದಳು ನನ್ನಾಕೆ. ಅವಳ ಮಾತು ನ್ಯಾಯವಾದದ್ದೇ. ಆದರೆ ನಾನು ಯಾರನ್ನು ನೋಡಲು ಹೊರಟಿದ್ದೆನೋ, ಅವನೂ ನಾನೂ ಇದೇ ಯೆಜ್ಡಿಯ ಮೇಲೆ ಮೈಸೂರಿನ ಬೀದಿಗಳನ್ನು ಸುತ್ತಿದವರು. ಅವನೆದುರು ಬೇರೆ ವಾಹನದಲ್ಲಿ ಹೋಗಿ ಇಳಿಯಲು ನನಗೆ ಮನಸ್ಸಾಗಲಿಲ್ಲ.

ಈ ಪ್ರಯಾಣಕ್ಕೆ ಕಾರಣನಾದವನು ಎಂಟು ವರ್ಷದ ನನ್ನ ಮೊಮ್ಮಗ. ಹೊಸದಾಗಿ ಜೂಡೋ ತರಗತಿಗೆ ಸೇರಿದ್ದ. ಮೊದಲ ದಿನ ಏನು ಕಲಿತೆಯೆಂದು ಕೇಳಿದೆ. “ಬೀಳೋದು ಹೇಗೆ ಅಂತ, ತಾತ. ಆಮೇಲೆ, ಎದುರಿನವನು ಎರಡು ಸಲ ಕೈ ತಟ್ಟಿದರೆ ತಕ್ಷಣ ಬಿಟ್ಟುಬಿಡಬೇಕಂತೆ” ಎಂದ. ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ.

1987ರಲ್ಲಿ ಮೈಸೂರಿನ ಒಂದು ಗರಡಿಯಲ್ಲಿ ನಾವಿಬ್ಬರೂ ಜೋಡಿ. ಮುಂಜಾನೆ ದಂಡ, ಬಸ್ಕಿ. ಅನಂತರ ಮಟ್ಟಿಗೆ ಇಳಿಯುವುದು. ಜರಡಿಯಾಡಿದ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದಗೊಳಿಸಿದ ಆ ಮಣ್ಣಿನ ವಾಸನೆ ಈಗಲೂ ಮೂಗಿನಲ್ಲಿದೆ. ಅವನು ನನಗಿಂತ ಬಹಳ ಮೇಲಾದ ಪೈಲ್ವಾನ. ದಸರಾ ಕುಸ್ತಿಗೆ ಸಿದ್ಧನಾಗುತ್ತಿದ್ದ. ನಾನು ಅವನ ಅಭ್ಯಾಸಕ್ಕೆ ಒದಗುವವನು, ಅಷ್ಟೆ. ಒಂದು ದಿನ ಅವನ ತೋಳು ನನ್ನ ಪಟ್ಟಿಗೆ ಸಿಕ್ಕಿತು. ಎಂದೂ ಸಿಕ್ಕದಿದ್ದುದು ಸಿಕ್ಕಿದಾಗ ಬುದ್ಧಿ ನೆಟ್ಟಗಿರುವುದಿಲ್ಲ. “ಬಿಡೋ” ಎಂದ. ನನಗೆ ಕೇಳಿಸಿತು. ಕೇಳಿಸದವನಂತೆ ಮತ್ತೊಮ್ಮೆ ತಿರುಚಿದೆ. ಭುಜದ ಕೀಲು ತಪ್ಪಿತು. ಉಸ್ತಾದರು ಓಡಿಬಂದಾಗ, “ನಾನೇ ತಪ್ಪಾಗಿ ಬಿದ್ದೆ” ಎಂದುಬಿಟ್ಟ. ಆ ದಸರೆಗೆ ಅವನು ಅಖಾಡಕ್ಕೆ ಇಳಿಯಲಿಲ್ಲ, ಮುಂದೆಂದೂ ಇಳಿಯಲಿಲ್ಲ. ಮರುವರ್ಷ ನಾನು ಕೆಲಸ ಸಿಕ್ಕಿತೆಂದು ಬೆಂಗಳೂರಿಗೆ ಬಂದೆ. ಓಡಿಬಂದೆ ಎಂದರೂ ಸರಿಯೇ.

ಕಳೆದ ತಿಂಗಳು ಒಂದು ಭಾನುವಾರ, ಇನ್ನೂ ಬೆಳಕು ಹರಿಯುವ ಮುನ್ನ, ಕಗ್ಗದಾಸಪುರದ ಕೆರೆಯ ಬದಿಯಿಂದ ಹೊರಟು ಹಲಸೂರನ್ನು ಹಾದು ಮೈಸೂರು ರಸ್ತೆಗೆ ಬಿದ್ದೆ. ಸುಮಾರು 160 ಕಿಲೋಮೀಟರು ದಾರಿ. ಹೊಸ ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರಗಳಿಗೆ ಪ್ರವೇಶವಿಲ್ಲ. ನನಗೆ ಅದರಿಂದ ಒಳ್ಳೆಯದೇ ಆಯಿತು. ಕಾರುಗಳೆಲ್ಲ ಊರುಗಳನ್ನು ಬಳಸಿಕೊಂಡು ಅತ್ತ ಹಾರಿಹೋಗುತ್ತಿದ್ದರೆ, ನಾನು ರಾಮನಗರ, ಚನ್ನಪಟ್ಟಣ, ಮದ್ದೂರುಗಳ ಒಳಗೇ ಹಾದು ನಿಧಾನವಾಗಿ ಹೋದೆ. ನಿಜ ಹೇಳಬೇಕೆಂದರೆ, ಬೇಗ ತಲುಪುವ ಧೈರ್ಯವೂ ನನಗಿರಲಿಲ್ಲ.

ಚನ್ನಪಟ್ಟಣದಲ್ಲಿ ಕಾಫಿಗೆ ನಿಂತಾಗ ಜಟ್ಟಿಗಳ ನೆನಪಾಯಿತು. ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಬೆಂಗಳೂರು, ಚಾಮರಾಜನಗರಗಳಿಂದ ಬರುವಂತೆ ಈ ಊರಿನಿಂದಲೂ ಜಟ್ಟಿಗಳು ಬರುತ್ತಾರೆ. ತಲೆ ಬೋಳಿಸಿ, ಮುಷ್ಟಿಗೆ ಆಯುಧ ತೊಟ್ಟು ಎದುರುಬದುರಾಗುವ ಆ ಕಾಳಗ ನೋಡುವವರಿಗೆ ಘೋರವಾಗಿ ಕಾಣುತ್ತದೆ. ಆದರೆ ಒಬ್ಬನ ತಲೆಯಲ್ಲಿ ರಕ್ತದ ಹನಿ ಕಂಡೊಡನೆ ಅದು ನಿಂತುಹೋಗುತ್ತದೆ. ಕೆಲವು ನಿಮಿಷಗಳ ಮಾತು. ಎಲ್ಲಿ ನಿಲ್ಲಿಸಬೇಕೆಂಬುದು ಅಷ್ಟು ಖಚಿತವಾಗಿರುವುದರಿಂದಲೇ ಅದು ವಿದ್ಯೆ. ಇಲ್ಲದಿದ್ದರೆ ಬರಿಯ ಬಡಿದಾಟ.

ನನ್ನ ಗಾಡಿ ಹುಟ್ಟಿದ್ದೂ ಮೈಸೂರಿನಲ್ಲಿಯೇ. 1961ರಲ್ಲಿ ಜಾವಾ ಗಾಡಿಗಳನ್ನು ತಯಾರಿಸತೊಡಗಿ, 1973ರಿಂದ ಯೆಜ್ಡಿಯೆಂಬ ಹೆಸರಿಟ್ಟ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಆ ಗಾಡಿಯ ಸದ್ದು ಬೇರೆ ಯಾವುದಕ್ಕೂ ಇಲ್ಲ. ಗರಡಿಯ ಗಲ್ಲಿಗೆ ತಿರುಗಿದೆನೋ ಇಲ್ಲವೋ, ಒಳಗಿನಿಂದ ದನಿ ಬಂತು: “ಏನೋ, ಇನ್ನೂ ಅದನ್ನು ಮಾರಿಲ್ಲವೇನೋ?”

ತಲೆ ಬಗ್ಗಿಸಿ ಆ ಗಿಡ್ಡ ಬಾಗಿಲನ್ನು ದಾಟಿದೆ. ಆಂಜನೇಯನ ಪಟದ ಕೆಳಗೆ, ಕಲ್ಲಿನ ಜಗಲಿಯ ಮೇಲೆ ಕುಳಿತು ಹತ್ತು ಹನ್ನೆರಡು ಹುಡುಗರಿಗೆ ಪಟ್ಟು ಹೇಳಿಕೊಡುತ್ತಿದ್ದ. ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ, ಎಡಗೈಯಲ್ಲೇ ತೋರಿಸುತ್ತಿದ್ದ. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋದವು.

“ಅವತ್ತು ನೀನು ‘ಬಿಡೋ’ ಅಂದದ್ದು ನನಗೆ ಕೇಳಿಸಿತ್ತು” ಎಂದೆ.

“ಗೊತ್ತು ಕಣೋ” ಎಂದ. “ನಿನ್ನ ಹಿಡಿತ ಒಂದು ಸಲ ಸಡಿಲವಾಗಿ, ಆಮೇಲೆ ಬಿಗಿಯಾಯಿತು. ಮೈಗೆ ತಿಳಿಯುವುದಿಲ್ಲವೇ?”

ಕ್ಷಮಿಸಿದೆನೆಂದು ಅವನು ಹೇಳಲಿಲ್ಲ. “ಎಷ್ಟೋ ವರ್ಷ ನಿನ್ನ ಮೇಲೆ ಸಿಟ್ಟಿತ್ತು. ಪೂರ್ತಿ ಹೋಯಿತೆಂದರೆ ಸುಳ್ಳಾಗುತ್ತದೆ. ಬಾ, ಈ ಹುಡುಗರಿಗೆ ಅದನ್ನು ನೀನೇ ಹೇಳು” ಎಂದ.

ಹೇಳಿದೆ. ಇದ್ದುದನ್ನು ಇದ್ದಂತೆ ಹೇಳಿದೆ. ಮಣ್ಣು ಮೆತ್ತಿದ ಮೈಯ ಒಬ್ಬ ಪುಟ್ಟ ಹುಡುಗ ಕೇಳಿದ: “ಕೇಳಿಸಿದ ಮೇಲೆ ಯಾಕೆ ಬಿಡಲಿಲ್ಲ, ತಾತ?”

“ಗೆಲ್ಲಬೇಕೆನ್ನಿಸಿತು, ಮಗು” ಎಂದೆ. “ಗೆದ್ದಿರಾ?” ಎಂದ ಅವನು.

ಗೆಳೆಯ ಎದ್ದು ಎಡಗೈಯನ್ನು ನನ್ನ ಹೆಗಲ ಮೇಲಿಟ್ಟ. “ಊಟದ ಹೊತ್ತಾಯಿತು, ನಡಿ” ಎಂದ. ಸಂಜೆ ಹೊರಡುವಾಗ ಬೀದಿಯ ಕೊನೆಯವರೆಗೂ ಬಂದ. “ಮುಂದಿನ ಸಲ ಮೊಮ್ಮಗನನ್ನೂ ಕರೆದುಕೊಂಡು ಬಾ” ಎಂದ. ಒಂದು ಕ್ಷಣ ಯೋಚಿಸಿ, “ಬಸ್ಸಿನಲ್ಲಿ” ಎಂದು ಸೇರಿಸಿದ.